ಗ್ಲೂಸ್ಕಾಪನ ತಲೆಗೆ ನಾನು ಹೊಲಿದ ಗರಿಗಳು

ಇವತ್ತು ಬೆಳಿಗ್ಗೆ ಅಂಗಡಿಯ ಬೀಗ ತೆಗೆಯುವ ಮೊದಲೇ ಫೋನಿಗೊಂದು ಫೋಟೊ ಬಂತು. ನಮ್ಮೂರಿನ ಭೂತಕೋಲದ್ದು. ಬೆನ್ನ ಹಿಂದೆ ಎತ್ತರದ ಅಣಿ ಹೊತ್ತು, ಕಾಲಿಗೆ ಗಗ್ಗರ ಕಟ್ಟಿ ನಿಂತ ದೈವ. ಕೆಳಗೆ ಅಬುಧಾಬಿಯ ಶಾಲೆಯೊಂದರ ನಾಟಕದ ಟೀಚರ್ ಬರೆದಿದ್ದರು: ‘ಆ್ಯನುವಲ್ ಡೇಗೆ. ಎರಡು ಪೀಸ್, ಕಿಡ್ಸ್ ಸೈಜ್.’

ಬರ್ ದುಬೈಯಲ್ಲಿ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ವೇಷ ಹೊಲಿಯುತ್ತಿದ್ದೇನೆ. ನವಿಲಿನಿಂದ ಹಿಡಿದು ಟೊಮೆಟೊವರೆಗೆ ಯಾವುದಕ್ಕೂ ಇಲ್ಲವೆಂದವನಲ್ಲ. ಇವತ್ತು ಮಾತ್ರ ಮೈಯೆಲ್ಲ ಉರಿದುಹೋಯಿತು. ಫೋನ್ ಮಾಡಿ ಕೂಗಿದೆ: ‘ಮೇಡಂ, ಅದು ವೇಷ ಅಲ್ಲ, ನಮ್ಮ ಮನೆ ದೈವ. ನಾನು ಹೊಲಿಯುವುದಿಲ್ಲ, ಖಲಾಸ್!’

‘ಯಾಕೆ ಸರ್? ಆವತ್ತು ರೆಡ್ ಇಂಡಿಯನ್ ಡ್ರೆಸ್ ಅಷ್ಟು ಚಂದ ಹೊಲಿದ್ರಲ್ಲ!’

ನಾನು ಫೋನ್ ಇಟ್ಟುಬಿಟ್ಟೆ.

ಆ ‘ರೆಡ್ ಇಂಡಿಯನ್’ಗೆ ಹೆಸರಿದೆ, ಕೇಳಿ: ಗ್ಲೂಸ್ಕಾಪ್. ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಸೂರ್ಯ ಮೊದಲು ಮೂಡುವ ಕಡೆ, ವಾಬನಾಕಿ ಜನರಿದ್ದಾರೆ. ಅವರ ಕಥೆಗಳ ಹಿರಿಯ ಇವನು. ಬಾಣ ಬಿಟ್ಟು ಮರದೊಳಗಿಂದ ಮನುಷ್ಯರನ್ನು ಹೊರಗೆ ತಂದವನಂತೆ. ತನ್ನ ದೋಣಿಗೆ ಅಡ್ಡಿಯೆಂದು ಗಾಳಿ ಬೀಸುವ ಹಕ್ಕಿಯ ರೆಕ್ಕೆಗಳನ್ನು ಕಟ್ಟಿಹಾಕಿದನಂತೆ. ಗಾಳಿಯಿಲ್ಲದೆ ನೀರು ಕೊಳೆತು ನಾರತೊಡಗಿದಾಗ ತಾನೇ ವಾಪಸು ಹೋಗಿ ಬಿಚ್ಚಿದನಂತೆ. ಅಷ್ಟು ದೊಡ್ಡವನು, ತಪ್ಪಾಯಿತೆಂದು ನಡೆದುಕೊಂಡು ಹೋದ.

ಇದನ್ನೆಲ್ಲ ಹೇಳಿದವರು ಅದೇ ಶಾಲೆಯ ಲೈಬ್ರರಿಯಲ್ಲಿದ್ದ ಡೆನಿಸ್ ಮೇಡಂ, ಆ ಜನದವರೇ. ಮೂರು ವರ್ಷದ ಹಿಂದೆ ಅವರು ಮಕ್ಕಳಿಗೆ ಹೇಳಿದ ಕಥೆಯನ್ನು ನಾಟಕದ ಟೀಚರ್ ಎತ್ತಿಕೊಂಡರು. ಸಿನಿಮಾದಲ್ಲಿ ಕಾಣುವಂಥ, ಬೆನ್ನುದ್ದಕ್ಕೂ ಇಳಿಯುವ ಗರಿಯ ಕಿರೀಟ ಬೇಕೆಂದು ನನಗೆ ಆರ್ಡರ್ ಬಂತು. ವಿಷಯ ಗೊತ್ತಾಗಿ ಡೆನಿಸ್ ಮೇಡಂ ಬಸ್ಸು ಹಿಡಿದು ನನ್ನ ಅಂಗಡಿಗೇ ಬಂದರು.

‘ನಮ್ಮವರು ಇಂಥದ್ದು ತೊಡುವುದಿಲ್ಲ. ಅವನು ಜೋಕರ್ ಅಲ್ಲ. ದಯವಿಟ್ಟು ಕೊಡಬೇಡಿ.’

‘ಸ್ಟೇಜಿಗೆ ಕಲರ್ ಬೇಕಲ್ಲ ಮೇಡಂ? ಕಥೆ ತಾನೇ!’ ಅಂದೆ ನಾನು, ಗರಿಗೆ ಅಂಟು ಹಚ್ಚುತ್ತಲೇ.

ಆ ವಾರವಷ್ಟೇ ನಮ್ಮೂರವರ ಸಭೆಯಲ್ಲಿ, ದುಬೈಯ ವೇದಿಕೆ ಮೇಲೆ ಯಾರೋ ದೈವದ ಹಾಗೆ ಕುಣಿದನೆಂದು ಮೇಜು ಗುದ್ದಿ ಬಂದಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಆ್ಯನುವಲ್ ಡೇ ದಿನ ಹುಡುಗನೊಬ್ಬ ಬಾಯಿಗೆ ಕೈ ಬಡಿದು ‘ವೂ ವೂ’ ಎಂದು ಕುಣಿದ. ಸಭೆ ಬಿದ್ದು ಬಿದ್ದು ನಕ್ಕಿತು. ಡೆನಿಸ್ ಮೇಡಂ ಎದ್ದು ನಿಂತು, ‘ನೀವು ನಗುತ್ತಿರುವುದು ನನ್ನ ಅಜ್ಜಿ ಕೈಮುಗಿದು ನೆನೆಯುತ್ತಿದ್ದವನನ್ನು’ ಎಂದರು. ಅದಕ್ಕೂ ಕೆಲವರು ನಕ್ಕರು. ಆ ಬೇಸಿಗೆಯಲ್ಲಿ ಅವರ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಹೊಂದಿಕೊಳ್ಳುವ ಸ್ವಭಾವವಿಲ್ಲ ಎಂದು ಕಾರಣ ಕೊಟ್ಟರಂತೆ. ಹೊಂದಿಕೊಳ್ಳುವುದೆಂದರೇನು, ತನ್ನವರನ್ನು ಕೋಡಂಗಿ ಮಾಡಿದಾಗ ಚಪ್ಪಾಳೆ ತಟ್ಟುವುದೇ? ಇವತ್ತು ನೆನೆದರೆ ಆ ಶಾಲೆಯ ಮೇಲೂ ಸಿಟ್ಟು, ನಕ್ಕವರ ಮೇಲೂ ಸಿಟ್ಟು. ಆದರೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬರುವುದು, ಪರದೆಯ ಪಕ್ಕ ನಿಂತು ಕಿರೀಟ ಜಾರದಂತೆ ಪಿನ್ನು ಚುಚ್ಚಿದ ಈ ದರ್ಜಿಯ ಮೇಲೆ.

ಮಧ್ಯಾಹ್ನ, ತಮ್ಮ ಊರಿಗೆ ಮರಳಿರುವ ಡೆನಿಸ್ ಮೇಡಂಗೆ ಮೆಸೇಜ್ ಹಾಕಿದೆ: ಕ್ಷಮಿಸಿ, ಇವತ್ತು ನಮ್ಮ ದೈವದ ವೇಷ ಕೇಳಿದರು, ಆಗುವುದಿಲ್ಲ ಎಂದೆ, ಆಗ ನಿಮ್ಮ ಸಂಕಟ ಅರ್ಥವಾಯಿತು.

ಅಲ್ಲಿ ಬೆಳಗಾದ ಮೇಲೆ ಉತ್ತರ ಬಂತು. ‘ನಮ್ಮವನ ವೇಷವನ್ನೇ ಮತ್ತೆ ಕೇಳಿದ್ದರೆ, ಆಗುವುದಿಲ್ಲ ಅನ್ನುತ್ತಿದ್ದಿರಾ?’

ನಾಲ್ಕು ಸಲ ಬರೆದು ಅಳಿಸಿದೆ. ಕೊನೆಗೆ ‘ಇಲ್ಲ ಮೇಡಂ, ಅನ್ನುತ್ತಿರಲಿಲ್ಲ’ ಎಂದು ಕಳಿಸಿದೆ.