ತೊಗರಿಕಟ್ಟಿಗೆಯ ಅವ್ವ

ಗೊಳಸಂಗಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಶಿಲ್ಪ ಮಾಡುತ್ತಿದ್ದರು. ಕಲ್ಲಿನಲ್ಲಲ್ಲ, ತೊಗರಿಕಟ್ಟಿಗೆ, ಜೋಳದ ಎಲೆ, ಹಳೆಯ ಕಂಪ್ಯೂಟರಿನ ಫ್ಯಾನುಗಳಲ್ಲಿ. ಯಾವ ಮೂರ್ತಿಯಾದರೂ ಅದರ ಎದೆಗೆ ಕಿವಿ ಹಚ್ಚಿ, “ಇನ್ನೂ ಉಸರಾಡವಲ್ದು,” ಎಂದು ಮತ್ತೆ ಬಿಚ್ಚುತ್ತಿದ್ದರು.

ತೀರಿಹೋದ ತಮ್ಮ ಅವ್ವನದೊಂದು ಮೂರ್ತಿಯನ್ನು ಅಕ್ಕ ಮಾಡುತ್ತಿದ್ದರು; ಅದು ಮರುದಿನ ವಿಜಯಪುರದ ಪ್ರದರ್ಶನಕ್ಕೆ ಹೋಗಬೇಕಿತ್ತು. ಅಕ್ಕ ದಣಿದಿದ್ದಾರೆಂದು ನಾನೇ ಅವರ ಸ್ನಾನಕ್ಕೆ ನೀರು ಕಾಯಿಸಲು ಕುಳಿತೆ. ನಮ್ಮ ಕಡೆ ಹಿತ್ತಲಲ್ಲಿ ತೊಗರಿಕಟ್ಟಿಗೆ ಕಂಡರೆ ಅದು ಒಲೆಗೇ. ಎಲ್ಲವೂ ಒಂದೇ ಥರ ಬಾಗಿವೆಯಲ್ಲ ಎಂದು ಬೈದುಕೊಳ್ಳುತ್ತಲೇ ಮುರಿದು ತುರುಕಿದೆ. ಹಂಡೆ ಕುದಿಯಿತು. ಉರಿದದ್ದು ಅಕ್ಕ ಬಗ್ಗಿಸಿ ಒಣಗಲಿಟ್ಟಿದ್ದ ಅವ್ವನ ಪಕ್ಕೆಲುಬು, ಇಪ್ಪತ್ನಾಲ್ಕೂ!

“ಅಕ್ಕಾರ, ನನ್ನೂ ಒಲಿಗೆ ಹಾಕ್ರಿ,” ಎಂದೆ.

ಅಕ್ಕ ಬೂದಿ ಕೆದಕಿ ನೋಡಿದರು. “ನೀ ಹಸಿ ಕಟ್ಟಿಗಿ, ಬರೇ ಹೊಗಿ ಬಿಡ್ತಿ. ಅಂಗಿ ತಗಿ, ತಮ್ಮಾ.”

ಬೇರೆ ತೊಗರಿಕಡ್ಡಿಗಳನ್ನು ನೆನೆಸಿ, ನನ್ನ ಬರಿಮೈಯ ಪಕ್ಕೆಲುಬುಗಳಿಗೆ ಒತ್ತಿ ಒಂದೊಂದಾಗಿ ಬಗ್ಗಿಸಿದರು. ಕಚಗುಳಿಗೆ ನಗು ಉಕ್ಕಿತು. ಕಡ್ಡಿ ಸೊಟ್ಟಗಾದೀತೆಂದು ಉಸಿರು ಬಿಗಿಹಿಡಿದೆ.

“ನಗು, ತಡೀಬ್ಯಾಡ,” ಎಂದರು ಅಕ್ಕ. “ನಗುವಾಗ ನಮ್ಮವ್ವನ ಎದಿನೂ ಹಿಂಗ ಕುಣೀತಿತ್ತು.”

ಬೆಳಿಗ್ಗೆ ಟಂಟಂ ರಿಕ್ಷಾ ಏರಿದ ಅವ್ವನ ಪಕ್ಕೆಲುಬುಗಳು ನಾನು ನಕ್ಕಲ್ಲೆಲ್ಲ ಸೊಟ್ಟಗಿದ್ದವು. ಅಕ್ಕ ಅವನ್ನು ನೆಟ್ಟಗೆ ಮಾಡಲಿಲ್ಲ.