ವರ್ನಾಳ ಒಂಬತ್ತು ದಿನದ ಊಟ

ವರ್ನಾ ಟ್ವೈಟ್‌ಗೆ ಮೈ ಉರಿದದ್ದು ಕೆಲಸ ಕಿತ್ತುಕೊಂಡದ್ದಕ್ಕಿಂತ, ಕಿತ್ತುಕೊಂಡ ರೀತಿಗೆ. ಮೊಂಟಾನಾದ ಬಿಟರ್‌ರೂಟ್ ಬೆಟ್ಟಗಳಲ್ಲಿ ಇಪ್ಪತ್ತೆರಡು ವರ್ಷ ಬೇಟೆ ಬಿಡಾರದ ಒಲೆ ಹಚ್ಚಿದವಳು ಅವಳು. ಸೆಪ್ಟೆಂಬರ್ ಬಂತೆಂದರೆ ಎಲ್ಕ್ ಎಂಬ ಭಾರಿ ಜಿಂಕೆಯ ಬೇಟೆಗೆ ಬರುವ ಆರು ಜನರ ಹೊಟ್ಟೆ ಅವಳ ಹೊಣೆ. ರಸ್ತೆ ಮುಗಿದ ಮೇಲೆ ಹೇಸರಗತ್ತೆಗಳ ಹಿಂದೆ ಒಂದಿಡೀ ದಿನದ ದಾರಿ. ಉಪ್ಪು ಮರೆತರೆ ಒಂಬತ್ತು ದಿನವೂ ಸಪ್ಪೆಯೇ. ವರ್ನಾ ಒಮ್ಮೆಯೂ ಮರೆತಿರಲಿಲ್ಲ.

ಆಗಸ್ಟ್‌ನಲ್ಲಿ ಬಿಡಾರದ ಒಡೆಯ ಡೇರಿಲ್ ಕೆಸ್ಲರ್ ಹಲ್ಲು ಕಿರಿಯುತ್ತ ಬಂದ. ಅಪ್ಪ ಕಟ್ಟಿದ ಕಸುಬಿಗೆ ಹೋದ ವರ್ಷವಷ್ಟೇ ಕೈಯಿಟ್ಟವನು.

"ಎಲ್ಲಾ ನಿಮ್ಮ ತಲೇಲೇ ಇದ್ರೆ ಹೆಂಗೆ ವರ್ನಾ? ಯಾವ ದಿನ ಏನು ಊಟ ಅಂತ ಒಂದು ಹಾಳೇಲಿ ಬರ್ಕೊಡಿ."

ಪಾಪದ ಹೆಂಗಸು, ಬರೆದುಕೊಟ್ಟಳು. ಬೆಳಿಗ್ಗೆ ಓಟ್ಸ್ ಗಂಜಿ. ಮಧ್ಯಾಹ್ನ ಜೇಬಿನಲ್ಲಿ ಹಿಡಿಸುವಷ್ಟು ಬ್ರೆಡ್ಡು, ಚೀಸು, ಒಣಮಾಂಸ. ಸಂಜೆಗೆ ಒಂದೇ ಪಾತ್ರೆಯ ಅಡುಗೆ. ಆ ಸಂಜೆಯ ಅಡುಗೆಗಳನ್ನೆಲ್ಲ ಮನೆಯಲ್ಲೇ ಬೇಯಿಸಿ, ಚೀಲಗಳಲ್ಲಿ ಚಪ್ಪಟೆಯಾಗಿ ತುಂಬಿ, ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿಸಿದಳು. ಪ್ರತಿ ಚೀಲದ ಮೇಲೆ ದಿನದ ಸಂಖ್ಯೆ. ಹೊರಡುವ ಮುನ್ನಾದಿನ ಡೇರಿಲ್ ಚೀಲಗಳನ್ನೂ ಹಾಳೆಯನ್ನೂ ಒಯ್ಯಲು ಬಂದ.

"ಇನ್ನೇನು, ಬಿಸಿ ಮಾಡಿ ಬಡಿಸೋದು ತಾನೇ? ಅದನ್ನ ನಾನೇ ಮಾಡ್ತೀನಿ. ಈ ಸಲ ನೀವು ಮನೇಲಿ ಆರಾಮಾಗಿರಿ. ಮಂಡಿನೋವು ಬೇರೆ ನಿಮಗೆ."

ಮಂಡಿನೋವಿನ ಸುದ್ದಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಹೇಸರಗತ್ತೆಗೆ ಹೇಳಿರಬೇಕು. ಬಾಯಿಗೆ ಮಾತು ಬರುವಷ್ಟರಲ್ಲಿ ಅವನ ಗಾಡಿ ಗೇಟು ದಾಟಿತ್ತು. ಇಪ್ಪತ್ತೆರಡು ವರ್ಷದ ದುಡಿಮೆಯನ್ನು ಒಂದು ಹಾಳೆಗೆ ಇಳಿಸಿಕೊಂಡು ಹೋದನಲ್ಲ, ಅವನ ಮುಖಕ್ಕಿಷ್ಟು!

ಐದನೆಯ ದಿನ ಅದೇ ಮುಖ ಬಾಗಿಲಲ್ಲಿ ನಿಂತಿತ್ತು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು.

"ಬೇಕು ಅಂತಲೇ ಮಾಡಿದ್ರಿ ಅಲ್ವಾ? ಮಾಂಸ ಎಲ್ಲಾ ಹಳಸೋಗಿದೆ. ಇನ್ನೂ ಒಂದು ಎಲ್ಕೂ ಬಿದ್ದಿಲ್ಲ. ಆರು ಜನ ಮೂರು ಹೊತ್ತೂ ಗಂಜಿ ಕುಡೀತಾ ನನ್ನ ಜನ್ಮ ಜಾಲಾಡ್ತಿದಾರೆ!"

"ಚೀಲಗಳನ್ನ ತಂಪುಪೆಟ್ಟಿಗೇಲಿ ಹೆಂಗೆ ತುಂಬ್ದೆ?"

"ಹಾಳೇಲಿ ಇದ್ದ ಹಾಗೇ. ಮೊದಲನೇ ದಿನದ್ದು ಮೊದಲು, ಎರಡನೇದು ಅದರ ಮೇಲೆ..."

ವರ್ನಾ ಹಣೆ ಚಚ್ಚಿಕೊಂಡಳು. ಕೊನೆಯ ದಿನದ್ದು ಪೆಟ್ಟಿಗೆಯ ತಳಕ್ಕೆ ಹೋಗಬೇಕು, ಮೊದಲ ದಿನದ್ದು ಮೇಲಕ್ಕೆ. ಮೇಲಿನದೊಂದನ್ನು ತೆಗೆದು ಮುಚ್ಚಿದರೆ ಕೆಳಗಿನವು ಒಂದನ್ನೊಂದು ತಣ್ಣಗೆ ಕಾಯುತ್ತವೆ. ಈ ಮಹಾನುಭಾವ ಮೊದಲ ಸಂಜೆಯ ಚೀಲಕ್ಕಾಗಿ ಒಂಬತ್ತನ್ನೂ ಹೊರಗೆ ಹರವಿದ್ದನಂತೆ. ಮತ್ತೆ ತುಂಬಿದ್ದು ಊಟ ಮುಗಿದ ಮೇಲೆ, ಎಲ್ಲ ಕರಗತೊಡಗಿದಾಗ.

"ಇದನ್ನ ಯಾಕೆ ಬರೀಲಿಲ್ಲ ನೀವು?"

"ಬರೀಬೇಕು ಅಂತ ಹೊಳೀಲೇ ಇಲ್ಲ ಕಣೋ! ಅನ್ನ ಬಾಯಿಗೇ ಹಾಕ್ಕೋಬೇಕು ಅಂತಾನೂ ಬರೀಬೇಕಿತ್ತಾ? ಚಿಕ್ಕೋನಿದ್ದಾಗಿಂದ ನನ್ನ ಕೈಯೂಟ ಉಂಡೆ. ಒಂದು ದಿನ ಆ ಪೆಟ್ಟಿಗೆ ಒಳಗೆ ಇಣುಕಿ ನೋಡಿದ್ಯಾ? ಈಗ ನನ್ನನ್ನೇ ಕಳ್ಳಿ ಮಾಡ್ತೀಯಾ?"

ವರ್ನಾಳಿಗೆ ಅವನ ಮೇಲೆ ಕನಿಕರ ಬರಲಿಲ್ಲ. ಕನಿಕರವೆಲ್ಲ ಮೇಲೆ ಬೆಟ್ಟದಲ್ಲಿ ಹಸಿದು ಕೂತ ಆರು ಜನರ ಪಾಲಾಗಿತ್ತು. ಫ್ರೀಜರಿನಲ್ಲಿ ತನಗೆಂದು ಇಟ್ಟುಕೊಂಡಿದ್ದ ಸಾರು, ಬೇಯಿಸಿದ ಕಾಳು, ಹಂದಿಮಾಂಸ ಎಲ್ಲ ತೆಗೆದಳು. ಕೊನೆಯ ದಿನದ್ದನ್ನು ತಳಕ್ಕಿಟ್ಟಳು. ಹೇಸರಗತ್ತೆಯ ಎರಡು ಪಕ್ಕಕ್ಕೆ ಕಟ್ಟುವ ಎರಡು ಪೆಟ್ಟಿಗೆಗಳನ್ನೂ ಒಂದೊಂದಾಗಿ ತಕ್ಕಡಿಗೆ ತೂಗುಹಾಕಿ, ತೂಕ ಸಮ ಬರುವವರೆಗೆ ಈರುಳ್ಳಿ ಅತ್ತಿಂದಿತ್ತ ಬದಲಿಸಿದಳು. ಆಮೇಲೆ ತನ್ನ ಹಾಸಿಗೆ ಸುತ್ತಿ ತಂದು ಪೆಟ್ಟಿಗೆಗಳ ಪಕ್ಕದಲ್ಲಿಟ್ಟಳು.

"ನೀವೂ ಬರ್ತೀರಾ?" ಡೇರಿಲ್‌ನ ಮುಖ ಅರಳಿತು. ಜೇಬಿನಿಂದ ಅದೇ ಹಾಳೆ, ಒಂದು ಪೆನ್ಸಿಲ್ಲು ಹೊರಬಂದವು. "ಸರಿ, ತಳದಿಂದ ಇನ್ನೊಂದ್ಸಲ ಹೇಳಿ. ಮುಂದಿನ ವರ್ಷಕ್ಕೆ..."

"ಬರೆದದ್ದು ಸಾಕು ಕಣೋ," ಎಂದಳು ವರ್ನಾ. "ಹೊರು."