ವಾರ್ನಿಶ್ ಹಾಕುವ ಮುಂಚೆ

ಚಾಚಾನ ಬಲಗೈ ಹೆಬ್ಬೆರಳಿಗೆ ಮೊಬೈಲ್ ಮಣಿಯುತ್ತಿರಲಿಲ್ಲ. ನಲವತ್ತು ವರ್ಷ ತಾಮ್ರದ ತಂತಿ ಎಳೆದೆಳೆದು, ವಾರ್ನಿಶ್ ಮೆತ್ತಿಮೆತ್ತಿ, ಆ ಬೆರಳಿನ ತುದಿ ಹಳೆಯ ಚಪ್ಪಲಿಯ ತೊಗಲಿನಂತೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಗೆರೆಗಳೆಲ್ಲ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಗುರುತು ಹಿಡಿಯುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ನಮ್ಮ ವೆಬ್‌ಸೈಟಿನ ಬಟನ್ ಮೇಲೆ ಆ ಬೆರಳಿಟ್ಟು ಮೂರು ಸಲ ಒತ್ತಿದರು. ಏನೂ ಆಗಲಿಲ್ಲ.

"ನಾ ಸತ್ತೇನೇನ್ ಬೇಟಿ? ನಿನ್ನ ಮಷೀನಿಗಿ ನಾ ಕಾಣವಲ್ಲೆ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. "ಹೊಳಿ ದಂಡಿ ಮಂದಿ ಬಟ್ಟೂ ಹಿಂಗೇ ಇರ್ತಾವ, ನೆನಪಿಡು" ಎಂದು ಫೋನು ನನ್ನ ಕೈಗೆ ಕೊಟ್ಟು, ಬಿಚ್ಚಿಟ್ಟಿದ್ದ ಮೋಟರಿನ ಕಡೆ ತಿರುಗಿದರು. ಮರುದಿನ ನಾನು ಆ ಬಟನ್ ಅಂಗೈಯಗಲ ಮಾಡಿದೆ. ಇವತ್ತಿಗೂ ಅದು ಅಷ್ಟೇ ದೊಡ್ಡದಾಗಿದೆ.

ಅಫಜಲಪುರದಲ್ಲಿ ನಮ್ಮ ಆಫೀಸು ಮಹಡಿಯ ಮೇಲೆ, ಕೆಳಗೆ ಚಾಚಾನ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪಿನ ಮೋಟರಿನಿಂದ ಹಳೆಯ ತಂತಿ ಕಿತ್ತು ಹೊಸದು ಸುತ್ತುವ ಕೆಲಸ ಅವರದು. ಊರಿಗೆಲ್ಲ ಅವರು ಚಾಚಾ, ನನಗೂ ಚಾಚಾ. ಮೇಲೆ ನಾವು ನಾಲ್ಕು ಜನ ಸೇರಿ ಭೀಮಾ ಹೊಳೆಯ ದಂಡೆಯ ಊರುಗಳಿಗೆ ನೀರಿನ ಸುದ್ದಿ ಮುಟ್ಟಿಸುವ ವೆಬ್‌ಸೈಟ್ ಕಟ್ಟುತ್ತಿದ್ದೆವು. ಸೊನ್ನ ಊರಿನ ಆಜುಬಾಜಿನಿಂದ ಹಿಡಿದು ಕೆಳಗೆ ಜೇವರ್ಗಿ ಕಡೆಯ ಹಳ್ಳಿಗಳವರೆಗೆ, ಹೊಳೆ ಏರಿ ಬರುವಾಗ ಜನ ತಮ್ಮ ಊರಿನ ಹೆಸರು ಒತ್ತಿದರೆ ಸಾಕು, ಏನು ಬರುತ್ತಿದೆ ಎಂದು ತಿಳಿಯಬೇಕು. ಜನರಿಗೆ ಅದನ್ನು ಬಳಸಲು ಬರುತ್ತದೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಕೆಲಸದ ಪಟ್ಟಿಯಲ್ಲಿ ಅದು ಕಟ್ಟಕಡೆಯ ಸಾಲು, ಕಟ್ಟಕಡೆಯ ವಾರ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಆಳಂದ ತಾಲೂಕಿನ ಮಾದನಹಿಪ್ಪರಗಾದವಳು. ನಮ್ಮದು ಒಣಭೂಮಿ. ನೀರು ಬರಲಿಲ್ಲ ಎಂಬ ಚಿಂತೆ ನನಗೆ ಗೊತ್ತಿತ್ತು, ನೀರು ಬಂತು ಎಂಬ ಹೆದರಿಕೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಚಾಚಾ.

ಒಂದು ದಿನ ಚಾ ಕುಡಿಯುತ್ತ ಅವರು ಕೇಳಿದರು, "ಮಂದಿಗಿ ಯಾವಾಗ ತೋರಸ್ತಿ?"

"ಎಲ್ಲಾ ಮುಗಿದ ಮ್ಯಾಲ್ರಿ ಚಾಚಾ. ಕಡೀ ವಾರದಾಗ."

ಅವರು ಅರ್ಧ ಸುತ್ತಿದ ಒಂದು ಮೋಟರನ್ನು ನನ್ನ ಮುಂದೆ ಎಳೆದರು. ಒಂದು ಬಲ್ಬಿಗೆ ಎರಡು ವೈರು ಕಟ್ಟಿದ್ದ ಟೆಸ್ಟಿಂಗ್ ಲ್ಯಾಂಪು ಅವರ ಕೈಯಲ್ಲಿ ಯಾವಾಗಲೂ ಇರುತ್ತಿತ್ತು. ಒಂದು ಸುರುಳಿ ಕೂಡಿಸುವುದು, ವೈರು ತಾಗಿಸುವುದು, ಬಲ್ಬು ಹತ್ತಿತೋ ಇಲ್ಲವೋ ನೋಡುವುದು. ಇನ್ನೊಂದು ಸುರುಳಿ, ಮತ್ತೆ ಬಲ್ಬು. "ವಾರ್ನಿಶ್ ಹಾಕಿ ಕಾಸಿದ ಮ್ಯಾಲ ತಪ್ಪು ಸಿಕ್ಕರ ಎಲ್ಲಾ ಸುಟ್ಟು ಕಿತ್ತಬೇಕಾಗ್ತದ" ಎಂದರು. "ಅಷ್ಟ ಅಲ್ಲ. ಅಷ್ಟೊತ್ತಿಗಿ ನನಗ ತಪ್ಪು ಒಪ್ಪಾಕ ಮನಸ ಬರಂಗಿಲ್ಲ. ಬಲ್ಬು ಖರಾಬ್ ಅದ ಅಂತೇನಿ, ಕರೆಂಟ್ ಸರಿ ಇಲ್ಲ ಅಂತೇನಿ. ನನ್ನ ನಾನೇ ಮೋಸ ಮಾಡ್ಕೊಂತೇನಿ."

ನನಗೆ ಸಿಟ್ಟು ಬಂತು. ಮೋಟರ್ ಬೇರೆ, ವೆಬ್‌ಸೈಟ್ ಬೇರೆ, ಇವರಿಗೇನು ಗೊತ್ತು ಎಂದು ಮೆಟ್ಟಿಲು ಹತ್ತಿದೆ. ಸಂಜೆಯಾಗುವಷ್ಟರಲ್ಲಿ ನಾಲ್ಕು ಹಾಳೆಯ ಮೇಲೆ ಪೆನ್ಸಿಲಿನಿಂದ ವೆಬ್‌ಸೈಟಿನ ಪುಟಗಳನ್ನು ಗೀಚಿಕೊಂಡು ಸುಮ್ಮನೆ ಕೆಳಗಿಳಿದೆ. ಚಾಚಾ ಬೆಂಚಿನ ಮೇಲಿನ ಮೋಟರ್ ಸರಿಸಿ ಜಾಗ ಮಾಡಿದರು.

ಅಲ್ಲಿಂದ ಆ ಬೆಂಚೇ ನನ್ನ ಪರೀಕ್ಷೆಯ ಮನೆಯಾಯಿತು. ಮೋಟರ್ ಕೊಟ್ಟು ಕಾಯುತ್ತ ಕೂತ ಹೊಳೆದಂಡೆಯ ರೈತರಿಗೆ ಚಾಚಾ ಹಾಳೆ ಹಿಡಿಸುವರು. ಆಮೇಲೆ ಪುಟ ಅರ್ಧಮರ್ಧ ಆದಾಗ ಫೋನು ಹಿಡಿಸುವರು. ಹೊಳೆಯ ಮಟ್ಟವನ್ನು ನಾನು ಮೀಟರಿನಲ್ಲಿ ಬರೆದಿದ್ದೆ; ರೈತರಿಗೆ ಹೊಳೆ ಗೊತ್ತಿದ್ದದ್ದು ಗುಡಿಯ ಮೆಟ್ಟಿಲಿನಲ್ಲಿ, ದರ್ಗಾದ ಕಟ್ಟೆಯಲ್ಲಿ. ಹಾಳೆಯ ಮೇಲಿದ್ದಾಗಲೇ ತಿದ್ದಿದ್ದರಿಂದ ರಬ್ಬರಿನಲ್ಲಿ ಮುಗಿಯಿತು. ಯಾರಾದರೂ ತಡವರಿಸಿದರೆ ನಾನು ಬಾಯಿ ಹಾಕುತ್ತಿದ್ದೆ: ಅಲ್ಲಿ ಅಲ್ಲರಿ, ಕೆಳಗ ಒತ್ತರಿ. ಚಾಚಾ ಗದರುವರು, "ಸುಮ್ಮ ಕೂಡ ಬೇ. ಹೊಳಿ ಬಂದಾಗ ನೀ ಅವರ ಬಾಜೂಕ ಇರ್ತಿಯೇನು?" ಸುಮ್ಮನೆ ಕೂಡುವುದು ನನ್ನ ಜೀವಕ್ಕೆ ಬಹಳ ಕಷ್ಟದ ಕೆಲಸ. ಎಲ್ಲರೂ ಕೊನೆಗೆ "ಚಲೋ ಅದರಿ" ಎನ್ನುವರು, ಯಾಕೆಂದರೆ ನಮ್ಮ ಕಡೆಯವರು ಎದುರಿಗೆ ಕೂತವರ ಮನಸ್ಸು ಮುರಿಯುವುದಿಲ್ಲ. ಅವರು ಹೋದ ಮೇಲೆ ಚಾಚಾ, "ಚಲೋ ಅಂದದ್ದು ಬಿಡು. ಬಟ್ಟು ಎಲ್ಲಿ ನಿಂತಿತ್ತು, ಅದನ್ನ ಬರಕೋ" ಎನ್ನುವರು.

ಮಳೆಗಾಲದ ಬಾಯಿಗೆ ಪುಟ ಸಿದ್ಧವಾಯಿತು. ನಮ್ಮ ಮ್ಯಾನೇಜರ್ ಸಾಹೇಬರಿಗೆ ಅದರಲ್ಲಿ ಬಹಳ ಇಷ್ಟವಾದದ್ದು ನಾನೇ ಯೋಚಿಸಿ ಮಾಡಿಸಿದ್ದ ಗಡಿಯಾರ. ಊರಿನ ಹೆಸರು ಒತ್ತಿದರೆ ಕೆಂಪು ಅಕ್ಷರದಲ್ಲಿ ಬರುತ್ತಿತ್ತು: ನೀರು ನಿಮ್ಮ ಊರಿಗೆ ಬರಲು ಇನ್ನು ಎರಡು ತಾಸು. ಆಮೇಲೆ ನಿಮಿಷಗಳು ಒಂದೊಂದೇ ಇಳಿಯುತ್ತಿದ್ದವು. ಬೆಂಚಿನ ಮೇಲೆ ಐದು ಮಂದಿಗೆ ತೋರಿಸಿದೆ. ಐವರೂ ಸರಿಯಾಗಿ ಒತ್ತಿದರು, ಸರಿಯಾಗಿ ಓದಿದರು, ಏನು ಬರೆದಿದೆ ಎಂದು ಕೇಳಿದರೆ ಸರಿಯಾಗಿ ಹೇಳಿದರು. ನಾನು ವರದಿಯಲ್ಲಿ ಐದಕ್ಕೆ ಐದು ಎಂದು ಬರೆದು ಜಂಭದಿಂದ ಕೂತಿದ್ದೆ.

ಚಾಚಾ ಐದನೆಯವನನ್ನು ಹೋಗಗೊಡಲಿಲ್ಲ. ಅವನು ಹೊಳೆಗೆ ಹತ್ತಿದ ಹೊಲದವನು, ಗಟ್ಟಿ ಆಳು. "ಇದು ಖರೇನೇ ಬಂದದ ಅಂತ ತಿಳಿ. ಎರಡು ತಾಸು ಅದ. ಈಗ ಏನ್ ಮಾಡ್ತಿ?" ಎಂದು ಕೇಳಿದರು.

ಅವನು ಕೂತಲ್ಲಿಂದ ಎದ್ದ. ಫೋನು ಬೆಂಚಿನ ಮೇಲಿಟ್ಟು, ಗೋಡೆಗೆ ತೂಗಿದ್ದ, ನಟ್ಟು ಬಿಚ್ಚುವ ಪಾನಾ ಕೈಗೆ ತಗೊಂಡ. "ಏನ್ ಮಾಡ್ತೇನಿ ಅಂದ್ರ? ಹೊಳಿಗಿ ಹೋಗಿ ಮೋಟರ್ ಬಿಚ್ಚಿ ಎತ್ಕೊಂಡು ಬರ್ತೇನಿ. ಭಾಳ ಟೈಮ್ ಅದಲ್ಲ."

ನಾನು ಉಳಿದ ನಾಲ್ವರಿಗೆ ಅಲ್ಲೇ ಫೋನು ಹಚ್ಚಿ ಅದೇ ಪ್ರಶ್ನೆ ಕೇಳಿದೆ. ಮೂವರು ಹೊಳೆಗೆ ಹೋಗುತ್ತೇನೆ ಎಂದರು. ಒಬ್ಬ ತನ್ನ ತಮ್ಮನನ್ನು ಕಳಿಸುತ್ತೇನೆ ಎಂದ.

ಹೊಳೆದಂಡೆಯಲ್ಲಿ ಮೋಟರ್ ಇಟ್ಟವರಿಗೆಲ್ಲ ಇದು ರೂಢಿ. ನೀರಿನ ಸುದ್ದಿ ಬಂದರೆ ಮೊದಲು ಮೋಟರಿಗೆ ಓಡುವುದು. ನಾನು ಬರೆದ ಎರಡು ತಾಸನ್ನು ಅವರು ಓಡಿಹೋಗಲು ಇರುವ ಸಮಯ ಎಂದು ಓದಲಿಲ್ಲ, ಇಳಿದು ಬರಲು ಸಿಕ್ಕ ಸಮಯ ಎಂದು ಓದಿದರು. ಜನರನ್ನು ಹೊಳೆಯಿಂದ ದೂರ ಇಡಲು ಕಟ್ಟಿದ ಪುಟ ಐದೂ ಮನೆಯವರನ್ನು ಹೊಳೆಗೇ ಅಟ್ಟುತ್ತಿತ್ತು.

ಆವಾಗ ಚಾಚಾ ಹೇಳಿದರು. ದನಿ ಏರಿಸದೆ, ಕೈಯಲ್ಲಿನ ತಂತಿ ನೋಡುತ್ತ ಹೇಳಿದರು. "ಹೊಳಿ ಮುಂದಿನಿಂದ ಬರಂಗಿಲ್ಲ ಬೇಟಿ. ಮೊದಲ ಹಿಂದಿನ ಹಳ್ಳದಾಗ ತುಂಬ್ತದ. ನೀ ಮೋಟರಿಗಿ ಪಾನಾ ಹಚ್ಚಿರ್ತಿ, ಕಾಲಾಗ ನೀರಿರಂಗಿಲ್ಲ, ಇನ್ನೂ ಟೈಮ್ ಅದ ಅಂತಿ. ಹೊಳ್ಳಿ ನೋಡಿದ್ರ ಊರ ಹಾದಿ ಇರಂಗಿಲ್ಲ. ನಮ್ಮಣ್ಣ ಹಂಗೇ ಹೋದ. ಮೋಟರ್ ಸಿಕ್ತು. ನಾನೇ ತಂತಿ ಸುತ್ತಿ ಕಟ್ಟಿದೆ ಅದನ್ನ. ಇವತ್ತೂ ಅವನ ಮಗನ ಹೊಲಕ್ಕ ನೀರು ಎತ್ತಾಕತ್ತದ."

ಪುಟವನ್ನು ಊರುಗಳಿಗೆ ತೆರೆದಿಡಲು ಇನ್ನು ಐದು ದಿನ ಇತ್ತು. ನನಗೆ ನಿದ್ದೆ ಇಲ್ಲ, ಊಟ ಸೇರದು. ಸಾಹೇಬರಿಗೆ ಹೇಳಿದೆ. ಅವರು ನನ್ನದೇ ವರದಿ ತೆಗೆದು ಐದಕ್ಕೆ ಐದು ತೋರಿಸಿದರು. ಈಗ ಬದಲಿಸಿದರೆ ಮೊದಲಿಂದ ಮಾಡಬೇಕಾಗುತ್ತದೆ, ಜನ ಬುದ್ಧಿವಂತರಿದ್ದಾರೆ, ನೀವು ಸುಮ್ಮನೆ ಹೆದರುತ್ತೀರಿ ಎಂದರು. ಸುಮ್ಮನೆ ಹೆದರಿರಲಿಲ್ಲ. ನಾನು ಬರೆದ ಎರಡು ಪದಗಳಿಂದ ಒಬ್ಬ ಮನುಷ್ಯ ಸಾಯಬಹುದು ಎಂದು ಹೆದರಿದ್ದೆ. ಹಾಗೆ ಅವರ ಮುಂದೆ ಹೇಳಲು ಧೈರ್ಯ ಬರದೆ ಕೆಳಗಿಳಿದು ಬೆಂಚಿನ ಮೇಲೆ ಕೂತು ಅತ್ತೆ.

ಮೊಣಕಾಲು ನೋವಿನ ಚಾಚಾ ಅಲ್ಲಿಯತನಕ ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ಆವತ್ತು ಗೋಡೆ ಹಿಡಿದು ಹಿಡಿದು ಹತ್ತಿದರು. ಸಾಹೇಬರು ಹೊಸದಾಗಿ ಕೊಂಡಿದ್ದ ಕಾರು ಕಿಟಕಿಯಿಂದ ಕಾಣುತ್ತಿತ್ತು. ಚಾಚಾ ಅದನ್ನು ತೋರಿಸಿ ಕೇಳಿದರು, "ಸಾಹೇಬ್ರ, ನಿಮ್ಮ ಗಾಡಿ ಹೊಳಿ ದಂಡಿಗಿ ನಿಂತದ ಅಂತ ತಿಳೀರಿ. ಚಾವಿ ಕಿಸೇದಾಗ ಅದ. ನಿಮ್ಮ ಪುಟ ಎರಡು ತಾಸು ಅನ್ನಾಕತ್ತದ. ಈಗ ಏನ್ ಮಾಡ್ತೀರಿ?"

ಸಾಹೇಬರ ಕೈ ತಾನಾಗಿ ಕಿಸೆಗೆ ಹೋಯಿತು. ಅದು ಅವರಿಗೇ ಗೊತ್ತಾಗಿ ಅಲ್ಲೇ ನಿಂತಿತು. ಕೈ ಹೊರಗೆ ತೆಗೆದು ನನ್ನ ಕಡೆ ನೋಡಿ, "ಗಡಿಯಾರ ತೆಗೀರಿ" ಎಂದರು.

ಗಡಿಯಾರದ ಜಾಗದಲ್ಲಿ ನಾನು 'ಹೊಳೆಗೆ ಇಳಿಯಬೇಡಿ, ಮೋಟರ್ ಬಿಡಿ' ಎಂದು ಬರೆದು ಬೆಂಚಿಗೆ ತಂದೆ. ಓದಿದವರು ತಲೆ ಆಡಿಸಿದರು, ಆಮೇಲೆ ಪಾನಾ ಕಡೆ ನೋಡಿದರು. ಚಾಚಾ ಅಂದರು, "ಬಿಡ್ರಿ ಅಂದ್ರ ಯಾರ್ ಬಿಡ್ತಾರ? ಬಿಟ್ಟರ ಏನಾಗ್ತದ, ಅದನ್ನ ಹೇಳು. ಮುಳುಗಿದ ಮೋಟರ್ ದುರಸ್ತಿ ಆಗ್ತದ ಅಂತ ಬರಿ. ನಾ ಮಾಡಿಕೊಡ್ತೇನಿ, ಮುಳುಗಿದ್ದು ಮೊದಲ, ಉಳಿದದ್ದು ಆಮ್ಯಾಲ." ಅವರ ಬಾಯಿಯ ಮಾತನ್ನೇ ಪುಟಕ್ಕೆ ಹಾಕಿದೆ: ಮುಳುಗಿದ ಮೋಟರ್ ದುರಸ್ತಿ ಆಗ್ತದ. ಹೆಸರು ಬರೆಯಲಿಲ್ಲ. ಯಾರು ಹೇಳಿದ್ದು ಎಂದು ದಂಡೆಯ ಊರುಗಳಿಗೆ ಗೊತ್ತಿತ್ತು. ಈಗ ಏನ್ ಮಾಡ್ತಿ ಎಂದು ಕೇಳಿದಾಗ, ಮೊದಲು ಪಾನಾ ಹಿಡಿದಿದ್ದ ಆಳೇ, "ಮನ್ಯಾಗ ಕೂಡ್ತೇನಿ, ಚಾಚಾ ಅದಾನಲ್ಲ" ಎಂದ.

ಆ ವರ್ಷ ಹೊಳೆ ಬಂತು. ಮಟಮಟ ಮಧ್ಯಾಹ್ನ. ನಾನು ಮೇಲೆ ಕೂತು ಯಾವ ಯಾವ ಊರಿನವರು ಪುಟ ತೆರೆಯುತ್ತಿದ್ದಾರೆ ಎಂದು ನೋಡುತ್ತಿದ್ದೆ. ತೆರೆದದ್ದು ಕಾಣುತ್ತಿತ್ತು. ಓದಿ ಎತ್ತ ಹೋದರು ಎಂಬುದು ಕಾಣುತ್ತಿರಲಿಲ್ಲ. ತಡೆಯಲಾರದೆ ಕೆಳಗೆ ಬಂದರೆ ಚಾಚಾ ಮೋಟರ್ ಮುಂದೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಕತ್ತಲಾಗುವತನಕ ಇಬ್ಬರೂ ಅಲ್ಲೇ ಕೂತೆವು.

ನೀರು ಇಳಿದ ಮೇಲೆ ಮೋಟರುಗಳು ಬಂದವು. ಎತ್ತಿನ ಗಾಡಿಯಲ್ಲಿ, ಆಟೋದಲ್ಲಿ, ಬೈಕಿನ ಹಿಂದೆ ಕಟ್ಟಿಕೊಂಡು, ಕೆಸರು ಮೆತ್ತಿದ ಮೋಟರುಗಳು ಅಂಗಡಿ ದಾಟಿ ರಸ್ತೆಯತನಕ ಸಾಲು ನಿಂತವು. ಇಷ್ಟು ಕೆಲಸ ಹೇಗೆ ಮುಗಿಸುತ್ತೀರಿ ಎಂದು ನಾನು ಗಾಬರಿಯಾದೆ. ಚಾಚಾ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಮೋಟರ್ ನೋಡಬ್ಯಾಡ. ಒಂದೊಂದರ ಹಿಂದ ಒಬ್ಬೊಬ್ಬ ನಿಂತಾನ, ಅವರನ್ನ ನೋಡು" ಎಂದರು.

ಎಲ್ಲವನ್ನೂ ಮುಗಿಸಿ ಕೊಟ್ಟರು. ಚಳಿಗಾಲಕ್ಕೆ ಅವರ ಎದೆ ಕಟ್ಟಿತು. ನೋಡಲು ಅವರ ಮನೆಗೆ ಹೋದಾಗ ಮಾತಿನ ನಡುವೆ ಉಸಿರು ಹುಡುಕಬೇಕಾಗಿತ್ತು. ಆದರೂ ಕೇಳಿದರು, "ಪುಟ ಮತ್ತ ಯಾರಿಗ್ಯಾರ ತೋರಿಸಿದೇನು?"

"ಅದು ಮುಗಿದದರಿ ಚಾಚಾ. ಚಲೋ ನಡದದ."

"ಮೋಟರ್ ಕೊಟ್ಟ ಮ್ಯಾಲೂ ನಾ ಒಮ್ಮೆ ಹೊಲಕ್ಕ ಹೋಗಿ ಸದ್ದು ಕೇಳಿ ಬರ್ತೇನಿ" ಎಂದರು. ಅದು ಅವರು ನನಗೆ ಆಡಿದ ಕೊನೆಯ ಮಾತು. ಮೂರನೆಯ ದಿನ ಹೋಗಿಬಿಟ್ಟರು. ಮಣ್ಣು ಮಾಡಲು ದಂಡೆಯ ಊರುಗಳ ಗಂಡಸರೆಲ್ಲ ಬಂದಿದ್ದರು. ನಾನು ಮನೆಯ ಹೆಂಗಸರ ನಡುವೆ ಕೂತು, ನಮ್ಮಪ್ಪ ಹೋದಾಗ ಅತ್ತಷ್ಟೇ ಅತ್ತೆ.

ಅಂಗಡಿಯ ಶೆಟರ್ ಅವತ್ತಿನಿಂದ ಇಳಿದೇ ಇದೆ. ಬೆಂಚು ಹೊರಗೆ ಉಳಿದಿತ್ತು. ಮೊನ್ನೆ ಬೇಸಿಗೆಯ ಕೊನೆಗೆ, ಸದ್ದು ಕೇಳಿ ಬರೋಣ ಎಂದು, ಸಂತೆಗೆ ಬಂದಿದ್ದ, ಅಂದು ಪಾನಾ ಹಿಡಿದಿದ್ದ ಅದೇ ಆಳನ್ನು ಕರೆದು ಬೆಂಚಿನ ಮೇಲೆ ಕೂಡಿಸಿ ಫೋನು ಕೊಟ್ಟೆ. ಪುಟದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅವನು ದೊಡ್ಡ ಬಟನ್ ಒತ್ತಿದ, ಓದಿದ. ನಾನು ಬಾಯಿ ಹಾಕದೆ ಕಾದೆ. ಆಮೇಲೆ ಕೇಳಿದೆ, "ಅಣ್ಣಾ, ಈಗ ಏನ್ ಮಾಡ್ತೀರಿ?"

ಅವನು ಇಳಿದ ಶೆಟರಿನ ಕಡೆ ನೋಡಿದ. "ಚಾಚಾ ಇಲ್ಲಲ್ಲವ್ವಾ ಈಗ" ಎಂದ. "ಹೋಗಿ ಮೋಟರ್ ಎತ್ಕೊಂಡು ಬರ್ತೇನಿ."

ಕೇಳದೇ ಇದ್ದಿದ್ದರೆ ಚಲೋ ನಡದದ ಎಂದುಕೊಂಡೇ ಈ ಮಳೆಗಾಲವನ್ನೂ ಕಳೆಯುತ್ತಿದ್ದೆ. ಫೋನು ತಗೊಂಡು ಮೆಟ್ಟಿಲು ಹತ್ತಿ ಸಾಹೇಬರ ಮುಂದೆ ನಿಂತೆ. "ಸಾಹೇಬ್ರ, ಪುಟ ಕೆಟ್ಟದರಿ. ಬಿಚ್ಚಬೇಕು" ಎಂದೆ.

ಈ ಸಲ ಅವರು ವರದಿ ತೆಗೆದು ತೋರಿಸಲಿಲ್ಲ. ಮಳೆಗೆ ಇನ್ನು ಮೂರು ವಾರ ಇತ್ತು.